ಕ್ಯಾಪ್ಟನ್ ಲೂರ್ಡ್ಸ್ ಕಟ್ಟಿದ ಪಡೆ

ಲೂರ್ಡ್ಸ್ ಕ್ವಾಡ್ರಸ್ ಭಾರತದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರು ಅಂತ ನನಗೆ ತಿಳಿದದ್ದು ಅವರ ಜೊತೆ ಮೂರು ವರ್ಷ ಕೆಲಸ ಮಾಡಿದ ಮೇಲೆ. ಅದನ್ನೂ ಅವರು ಹೇಳಿದ್ದಲ್ಲ. ಕುವೈತಿನ ರುಮೈಥಿಯಾದಲ್ಲಿರುವ ಒಂದು ಸಣ್ಣ ಖಾಸಗಿ ಕ್ಲಿನಿಕ್ಕಿನಲ್ಲಿ ಅವರು ಹೆಡ್ ನರ್ಸ್, ನಾನು ಎಕ್ಸ್‌ರೇ ತೆಗೆಯುವವನು. ಒಂದು ದಿನ ಅವರ ಗಂಡ ಕೊನ್ರಾಡ್ ಮನೆಯ ಬೀಗದಕೈ ಕೊಡಲು ಬಂದಿದ್ದರು. ಹೆಂಡತಿ ನರ್ಸ್ ಹುಡುಗಿಯರಿಗೆ ಡ್ಯೂಟಿ ಹಂಚುವುದನ್ನು ನೋಡುತ್ತ ನಿಂತವರು ನನ್ನ ಕಡೆ ತಿರುಗಿ, "ಯೂನಿಫಾರ್ಮ್ ಬಿಚ್ಚಿ ಹದಿನೆಂಟು ವರ್ಷ ಆಯ್ತು, ಇವಳು ಇನ್ನೂ ಪರೇಡ್ ಮೈದಾನದಲ್ಲೇ ಇದ್ದಾಳೆ" ಎಂದು ನಕ್ಕರು.

ಆಮೇಲೆ ಕೇಳಿ ಕೇಳಿ ತಿಳಿದುಕೊಂಡೆ. ಊರು ಉಡುಪಿ ಹತ್ತಿರದ ಶಿರ್ವ. ಅಪ್ಪ ಚರ್ಚಿನ ಶಾಲೆಯಲ್ಲಿ ಮೇಷ್ಟರು. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿ, ಲೆಫ್ಟಿನೆಂಟ್ ಆಗಿ ಮೊದಲು ಹೋದದ್ದೇ ಶ್ರೀನಗರಕ್ಕೆ. ಕಾರ್ಗಿಲ್ ಯುದ್ಧದ ಬೇಸಿಗೆ. ಹೆಲಿಕಾಪ್ಟರಿನಲ್ಲಿ ಬಂದಿಳಿಯುತ್ತಿದ್ದ ಹುಡುಗರ ಬೂಟು ಕತ್ತರಿಸಿ ತೆಗೆಯುವುದೇ ತಮ್ಮ ಮೊದಲ ಕೆಲಸವಾಗಿತ್ತು ಅಂತ ಒಮ್ಮೆ ಹೇಳಿದ್ದರು. ಆಗ ಅವರಿಗೆ ಇಪ್ಪತ್ತೈದು. ಮುಂದೆ ಕ್ಯಾಪ್ಟನ್ ಆದರು, ಅವಧಿ ಮುಗಿಯಿತು, ಕುವೈತಿನಲ್ಲಿದ್ದ ಕೊನ್ರಾಡ್ ಜೊತೆ ಮದುವೆಯಾಗಿ ಇಲ್ಲಿಗೆ ಬಂದರು. ಮಕ್ಕಳಾಗಲಿಲ್ಲ. ಕೊನ್ರಾಡ್ ಫಹಾಹೀಲ್ ಕಡೆಯ ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರ್. ಇಬ್ಬರೂ ಬ್ನೇದ್ ಅಲ್ ಗಾರ್‌ನ ಹಳೇ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಇದ್ದರು.

ಇಂಥ ಹೆಂಗಸು ಕಾನೂನು ಮೀರುವ ಒಂದು ಪಡೆ ಕಟ್ಟಿದ್ದು ಹೇಗೆ ಅಂತ ಹೇಳಬೇಕು. ಅದಕ್ಕೆ ಸೇರಿದವರಲ್ಲಿ ನಾನೂ ಒಬ್ಬ. ಇದ್ದದ್ದೇ ಮೂರು ಜನ.

ಎರಡು ಸಾವಿರದ ಇಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಕಡಪದ ಕಡೆಯ ಒಬ್ಬ ಮನೆಗೆಲಸದಾಕೆಯನ್ನು ಅವಳ ಯಜಮಾನಿ ಕ್ಲಿನಿಕ್ಕಿಗೆ ಕರೆತಂದಳು. ಎರಡೂ ಅಂಗೈ ಸುಟ್ಟಿತ್ತು. ಡಾಕ್ಟರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಯಜಮಾನಿಯೇ ಉತ್ತರ ಕೊಟ್ಟಳು. ಎಣ್ಣೆ ಚೆಲ್ಲಿಕೊಂಡಳಂತೆ. ಲೂರ್ಡ್ಸ್ ಗಾಯ ತೊಳೆದು ಬ್ಯಾಂಡೇಜು ಕಟ್ಟಿದರು. ಕಟ್ಟುವಾಗ ಆ ಹೆಂಗಸು ಅವರ ಕೋಟಿನ ತುದಿ ಹಿಡಿದುಕೊಂಡಳಂತೆ, ಬಿಡಲಿಲ್ಲವಂತೆ. ಯಜಮಾನಿ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದಳು. ಲೂರ್ಡ್ಸ್ ತಾವೇ ಆ ಬೆರಳುಗಳನ್ನು ಬಿಡಿಸಿ ಕಳಿಸಿದರು. ಒಂಬತ್ತು ದಿನದ ಮೇಲೆ ಆಕೆ ಮೂರನೇ ಮಹಡಿಯಿಂದ ಬಿದ್ದು ಸತ್ತಳು. ಬಿದ್ದಳೋ ಹಾರಿದಳೋ ಯಾರಿಗೂ ಗೊತ್ತಿಲ್ಲ.

ಆ ಸುದ್ದಿ ಬಂದ ವಾರ ಲೂರ್ಡ್ಸ್ ನನ್ನ ಕೋಣೆಗೆ ಬಂದರು. ಸೀಸದ ಬಾಗಿಲು ಹಾಕಿಕೊಂಡರು.

"ಶ್ಯಾಮ್, ಈ ಕೋಣೆಗೆ ರೋಗಿ ಬಿಟ್ಟು ಬೇರೆ ಯಾರೂ ಬರಬಾರದು ಅಲ್ವಾ?"

"ಹೌದು ಮೇಡಂ. ರೇಡಿಯೇಶನ್ ಅಲ್ವಾ."

"ಯಜಮಾನಿಯೂ ಬರ್ಲಿಕ್ಕಿಲ್ಲ?"

"ಯಾರೂ ಬರೋ ಹಾಗಿಲ್ಲ."

ಅವರು ಗೋಡೆ, ಮೆಷಿನ್ನು, ಬಾಗಿಲ ಮೇಲಿನ ಕೆಂಪು ದೀಪ ಎಲ್ಲವನ್ನೂ ಒಂದು ಸುತ್ತು ನೋಡಿದರು. "ಇಡೀ ಕ್ಲಿನಿಕ್ಕಿನಲ್ಲಿ ಇದೊಂದೇ ಜಾಗ ಮಾರಾಯ್ರೆ. ನನಗೆ ಎರಡು ನಿಮಿಷ ಸಾಕು."

ನಾನು ಮಂಡ್ಯದವನು. ಅಪ್ಪ ಅಮ್ಮನಿಗೆ ಒಬ್ಬನೇ ಮಗ, ಸಣ್ಣ ಪುಟ್ಟದಕ್ಕೂ ಹೆದರುವ ಜಾತಿ. ಹೆಂಡತಿ ಪಾವನಾ, ಮಗಳು ನಿಧಿ ಇಬ್ಬರೂ ನನ್ನ ವೀಸಾದ ಮೇಲೆಯೇ ಇಲ್ಲಿರುವವರು. ನನ್ನ ವಾಸದ ಪರವಾನಗಿ ಇಕಾಮಾ ರದ್ದಾದರೆ ಮೂವರೂ ವಿಮಾನ ಹತ್ತಬೇಕು. ಹಾಗಿದ್ದೂ ಯಾಕೆ ಒಪ್ಪಿದೆ ಅಂದರೆ, ಎರಡು ನಿಮಿಷ ಬಾಗಿಲು ಮುಚ್ಚಿರುವುದು ನನ್ನ ಕೆಲಸವೇ. ಅದರಲ್ಲಿ ತಪ್ಪು ಹಿಡಿಯಲು ಯಾರಿಗೂ ಆಗುವುದಿಲ್ಲ. ಅಷ್ಟೇ ಧೈರ್ಯ ನನ್ನದು.

ಮೂರನೆಯವರು ಇಬ್ರಾಹಿಂ ಖಲೀಲ್. ಉಳ್ಳಾಲದ ಬ್ಯಾರಿ, ವಯಸ್ಸು ಐವತ್ತೆರಡು. ಕ್ಲಿನಿಕ್ಕಿನಿಂದ ನಾಲ್ಕು ರಸ್ತೆ ಆಚೆ ಅವರ ಬಕಾಲಾ, ಅಂದರೆ ದಿನಸಿ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ. ಸುತ್ತಲಿನ ಮನೆಗಳ ಕೆಲಸದ ಹೆಂಗಸರು ಖುಬ್ಸ್ ರೊಟ್ಟಿ ತರಲು, ಲಬಾನ್ ಮಜ್ಜಿಗೆ ತರಲು ಅವರಲ್ಲಿಗೇ ಬರುತ್ತಿದ್ದರು. ಯಾರ ಮುಖ ಯಾವತ್ತಿಗಿಂತ ಬಾಡಿದೆ, ಯಾರು ಒಂದು ವಾರದಿಂದ ಕಾಣುತ್ತಿಲ್ಲ, ಯಾವ ಮನೆಯಲ್ಲಿ ಹೊಸಬಳು ಬಂದಿದ್ದಾಳೆ ಎಲ್ಲ ಅವರಿಗೆ ಗೊತ್ತು. ಲೂರ್ಡ್ಸ್ ಅವರನ್ನು ಅವರು ತಮ್ಮ ಕರಾವಳಿಯ ರೂಢಿಯಂತೆ "ಬಾಯಮ್ಮ" ಎನ್ನುತ್ತಿದ್ದರು.

ಲೂರ್ಡ್ಸ್ ನಮಗೆ ನಿಯಮ ಹಾಕಿಕೊಟ್ಟರು. ಹೊರಗೆ ಬರಬೇಕು ಅಂತ ಆ ಹೆಂಗಸೇ ಹೇಳಬೇಕು, ನಾವು ಬಾ ಅನ್ನಬಾರದು. ಹೊರಟ ಒಂದು ಗಂಟೆಯೊಳಗೆ ಅವಳು ದೈಯಾದಲ್ಲಿರುವ ನಮ್ಮ ರಾಯಭಾರ ಕಚೇರಿಯ ಆಶ್ರಯದಲ್ಲಿರಬೇಕು. ನಮ್ಮ ಯಾರ ಮನೆಯಲ್ಲೂ ಒಂದು ಹೊತ್ತು ಕೂಡ ಇಟ್ಟುಕೊಳ್ಳಬಾರದು. ಮನೆಬಿಟ್ಟು ಓಡಿದವಳ ಮೇಲೆ ಅವಳ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಅಬ್‌ಸ್ಕಾಂಡಿಂಗ್ ಕೇಸು ಹಾಕುತ್ತಾನೆ. ಅಂಥವಳಿಗೆ ಜಾಗ ಕೊಟ್ಟವನೂ ಅಪರಾಧಿಯೇ. ಜೈಲು, ಆಮೇಲೆ ಗಡೀಪಾರು. ಇದನ್ನು ಅವರು ನಮಗೆ ಮೂರು ಸಲ ಹೇಳಿ, ನಾವು ವಾಪಸ್ ಹೇಳುವವರೆಗೂ ಬಿಡಲಿಲ್ಲ.

ಎರಡೂವರೆ ವರ್ಷದಲ್ಲಿ ಒಂಬತ್ತು ಹೆಂಗಸರು ಹೋದರು. ಬೆಳಗ್ಗೆ ಹತ್ತರ ಹೊತ್ತು, ಮನೆಯವರು ಆಫೀಸಿಗೆ, ಮಕ್ಕಳು ಶಾಲೆಗೆ ಹೋಗಿರುವಾಗ, ಕಸ ಹಾಕಲು ಬಂದ ಹೆಂಗಸು ಕಸದ ಚೀಲ ತೊಟ್ಟಿಗೆ ಎಸೆದು ಹಾಗೇ ನಡೆದು ಖಲೀಲ್ ಭಾಯಿಯ ಅಂಗಡಿ ದಾಟಿ ಮುಂದಿನ ತಿರುವಿಗೆ ಬರುತ್ತಿದ್ದಳು. ಅಲ್ಲಿ ಲೂರ್ಡ್ಸ್ ಕಾರು. ಒಂಬತ್ತರಲ್ಲಿ ಆರು ಜನ ಊರು ಸೇರಿದರು. ಉಳಿದ ಮೂವರ ಕಥೆ ಏನಾಯಿತೋ ನಮಗೆ ತಿಳಿಯಲಿಲ್ಲ. ಲೂರ್ಡ್ಸ್ ಒಂಬತ್ತು ಅಂತ ಎಂದೂ ಹೇಳುತ್ತಿರಲಿಲ್ಲ. "ಆರು" ಎನ್ನುತ್ತಿದ್ದರು.

ಇಪ್ಪತ್ನಾಲ್ಕರ ಜನವರಿಯಲ್ಲಿ ಪದ್ಮಮ್ಮ ಬಂದಳು.

ಮುಳಬಾಗಿಲು ಕಡೆಯವಳು, ನಲವತ್ತೊಂದು ವರ್ಷ. ಊರ ಹತ್ತಿರದ ಗಾರ್ಮೆಂಟ್ ಫ್ಯಾಕ್ಟರಿ ಮುಚ್ಚಿದ ಮೇಲೆ ಏಜೆಂಟನ ಮಾತು ನಂಬಿ ಬಂದವಳು. ಎಡಗೈ ಮಣಿಕಟ್ಟು ಊದಿತ್ತು. "ಮೊನ್ನೆ ಮೆಟ್ಟಿಲಲ್ಲಿ ಜಾರಿದಳು" ಎಂದು ಯಜಮಾನಿ ಡಾಕ್ಟರಿಗೆ ಹೇಳಿದ್ದಳು. ನಾನು ಎಕ್ಸ್‌ರೇ ತೆಗೆದು ನೋಡಿದರೆ ಮೂಳೆ ಮುರಿದು ಏನಿಲ್ಲವೆಂದರೂ ಮೂರು ವಾರ ಆಗಿತ್ತು. ಸೊಟ್ಟಗೇ ಕೂಡಿಕೊಳ್ಳಲು ಶುರುವಾಗಿತ್ತು. ಆ ಕೈಯಲ್ಲಿ ಮೂರು ವಾರ ಅವಳು ನೆಲ ಒರೆಸಿದ್ದಳು.

ಕೈ ಸರಿಯಾಗಿ ಇಡಿಸುವ ನೆಪದಲ್ಲಿ ಲೂರ್ಡ್ಸ್ ಒಳಗೆ ಬಂದಿದ್ದರು. ಕನ್ನಡ ಕೇಳಿದ್ದೇ ತಡ ಪದ್ಮಮ್ಮನ ಕಣ್ಣು ತುಂಬಿತು. ಅಳುವುದಕ್ಕೂ ಹೊತ್ತಿರಲಿಲ್ಲ.

"ಪದ್ಮಮ್ಮ, ಹೊರಗೆ ಬರ್ಲಿಕ್ಕೆ ಮನಸ್ಸುಂಟಾ? ಉಂಟಾದ್ರೆ ಹೇಳಿ. ನಾವಿದ್ದೇವೆ."

"ಈವಾಗ್ ಬ್ಯಾಡಮ್ಮ. ಮಗ್ಳದು ಪರೀಕ್ಷೆ ಐತೆ. ನಾನ್ ಓಡೋದ್ರೆ ಏಜೆಂಟು ಮನೆ ಮುಂದ್ಕೆ ಬಂದು ಗಲಾಟೆ ಮಾಡ್ತಾನೆ. ಪರೀಕ್ಷೆ ಮುಗೀಲಿ. ಎರಡು ತಿಂಗ್ಳು ಅಷ್ಟೇ."

"ಎರಡು ತಿಂಗಳು ತಡೀಲಿಕ್ಕೆ ಆಗ್ತದಾ ನಿಮಗೆ?"

"ತಡ್ಕಂಡಿದೀನಲ್ಲಮ್ಮ."

ಲೂರ್ಡ್ಸ್ ನನ್ನ ಕಡೆ ನೋಡಿದರು. ನಾನು ಫಿಲ್ಮ್ ನೋಡಿದೆ. ಬಾಗಿಲಾಚೆ ಯಜಮಾನಿಯ ಬಳೆ ಸದ್ದು ಮಾಡುತ್ತಿತ್ತು. ಎರಡು ನಿಮಿಷ ಮುಗಿಯಿತು. ಖಲೀಲ್ ಭಾಯಿಯ ಅಂಗಡಿ ಎಲ್ಲಿದೆ ಅಂತ ಮಾತ್ರ ಹೇಳಿ, ಕೈಗೆ ಪ್ಲಾಸ್ಟರ್ ಹಾಕಿ ಕಳಿಸಿದರು. ಆ ಸಂಜೆ ಪಾರ್ಕಿಂಗಿನಲ್ಲಿ ಕಾರಿಗೆ ಒರಗಿ ನಿಂತಿದ್ದರು. "ಮಿಲಿಟರಿಯಲ್ಲಿ ಒಂದು ಸುಖ ಉಂಟು ಶ್ಯಾಮ್. ಸ್ಟ್ರೆಚರ್ ಎತ್ತು ಅಂದ್ರೆ ಎತ್ತುತ್ತಾರೆ. ಗಾಯ ಆದವನ ಒಪ್ಪಿಗೆ ಯಾರೂ ಕೇಳುದಿಲ್ಲ" ಎಂದರು.

ಫೆಬ್ರವರಿ ಇಪ್ಪತ್ತೈದು, ಇಪ್ಪತ್ತಾರು ಇಲ್ಲಿಯ ರಾಷ್ಟ್ರೀಯ ಹಬ್ಬ. ಆ ಎರಡು ದಿನ ಕುವೈತ್ ಕುವೈತಿನ ಹಾಗಿರುವುದಿಲ್ಲ. ಬಾವುಟ ಹೊದಿಸಿದ ಕಾರುಗಳು ಗಲ್ಫ್ ರೋಡಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಮಕ್ಕಳು ನೀರಿನ ಬಂದೂಕು ಹಿಡಿದು ಸಿಕ್ಕಿದವರಿಗೆಲ್ಲ ಹೊಡೆಯುತ್ತಾರೆ. ಕಚೇರಿಗಳೆಲ್ಲ ರಜೆ. ಅಂಥ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಪದ್ಮಮ್ಮ ಚಪ್ಪಲಿಯಿಲ್ಲದ ಕಾಲಲ್ಲಿ ಖಲೀಲ್ ಭಾಯಿಯ ಅಂಗಡಿ ಬಾಗಿಲಿಗೆ ಬಂದು ನಿಂತಳು. ಮೈಯಲ್ಲಿ ಜ್ವರ. ಸಂಜೆ ಅವಳನ್ನು ವಫ್ರಾ ಕಡೆಯ ಒಂದು ತೋಟದ ಮನೆಗೆ, ಯಜಮಾನಿಯ ಅಣ್ಣನ ಬಳಿಗೆ, ಕಳಿಸುತ್ತಾರೆ ಅಂತ ಗೊತ್ತಾಗಿತ್ತಂತೆ. ಆ ಅಣ್ಣ ಎಂಥವನು ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಮನೆಯವರು ಮೆರವಣಿಗೆ ನೋಡಲು ಹೋದಾಗ ಹಿಂದಿನ ಬಾಗಿಲಿನಿಂದ ಬಂದುಬಿಟ್ಟಿದ್ದಳು. ಮಗಳ ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು.

ಖಲೀಲ್ ಭಾಯಿ ಅವಳನ್ನು ಅಕ್ಕಿ ಮೂಟೆಗಳ ಹಿಂದೆ ಕೂರಿಸಿ, ನೀರು ಕೊಟ್ಟು, ಲೂರ್ಡ್ಸ್‌ಗೆ ಫೋನ್ ಮಾಡಿದರು. ಲೂರ್ಡ್ಸ್ ರಾಯಭಾರ ಕಚೇರಿಯ ಸಹಾಯವಾಣಿಗೆ ಮಾಡಿದರು. ಅಲ್ಲಿಯವರು ಕರೆತನ್ನಿ ಅಂದರು. ಆದರೆ ದೈಯಾಕ್ಕೆ ಹೋಗುವ ರಸ್ತೆಗಳಲ್ಲಿ ಕಾರು ಆಮೆಯಂತೆ ತೆವಳುತ್ತಿತ್ತು, ಅಲ್ಲಲ್ಲಿ ಪೊಲೀಸರು ತಡೆದು ಎಲ್ಲರ ಸಿವಿಲ್ ಐಡಿ ನೋಡುತ್ತಿದ್ದರು. ಆಗ ಲೂರ್ಡ್ಸ್ ನನಗೆ ಫೋನ್ ಮಾಡಿದರು. ನಮ್ಮ ಮನೆ ಸಾಲ್ಮಿಯಾದಲ್ಲಿ, ಅಂಗಡಿಯಿಂದ ನಡೆದರೆ ಕಾಲು ಗಂಟೆ.

"ಶ್ಯಾಮ್, ನಿಯಮ ಮುರೀತಾ ಇದ್ದೇನೆ. ಗೊತ್ತುಂಟು. ನಾಳೆ ಬೆಳಗ್ಗೆವರೆಗೆ ಮಾತ್ರ. ಪಾವನಾ ಇದ್ದಾರಲ್ಲ, ಹೆಂಗಸಿಗೆ ಹೆಂಗಸು ಇದ್ದ ಹಾಗೆ ಆಗ್ತದೆ."

ನಾನು ಹಾಲ್‌ನಲ್ಲಿ ನಿಂತಿದ್ದೆ. ನಿಧಿ ಕೆನ್ನೆಯ ಮೇಲೆ ಕುವೈತಿನ ಬಾವುಟ ಬರೆಸಿಕೊಂಡು ಕನ್ನಡಿ ನೋಡುತ್ತಿದ್ದಳು. ಪಾವನಾ ಒಗ್ಗರಣೆ ಹಾಕುತ್ತಿದ್ದಳು.

"ಮೇಡಂ, ಮನೇಗೆ ನೆಂಟರು ಬಂದಿದ್ದಾರೆ" ಎಂದೆ.

"ಹೌದಾ? ಆಯ್ತು ಶ್ಯಾಮ್" ಎಂದು ಫೋನ್ ಇಟ್ಟರು.

ಪಾವನಾ ಸೌಟು ಹಿಡಿದೇ ಈಚೆ ಬಂದಳು. "ಯಾರ್ರೀ ನೆಂಟ್ರು?"

"ಅಪ್ಪಾ, ಹೂ ಈಸ್ ಕಮಿಂಗ್?" ಎಂದು ನಿಧಿಯೂ ಕೇಳಿದಳು.

ನಾನು ಯಾರೂ ಇಲ್ಲ ಅಂದೆ. ಪಾವನಾಗೆ ಆ ರಾತ್ರಿಯೂ ಹೇಳಲಿಲ್ಲ. ಎಷ್ಟೋ ದಿನದ ಮೇಲೆ ಹೇಳಿದಾಗ ಅವಳು, "ನನ್ನನ್ನ ಒಂದು ಮಾತು ಕೇಳಬಹುದಿತ್ತು" ಎಂದಳು. ಅವಳು ಏನೆನ್ನುತ್ತಿದ್ದಳು ಅಂತ ನಾನು ಇವತ್ತಿಗೂ ಕೇಳಿಲ್ಲ.

ಕೊನೆಗೆ ಕೊನ್ರಾಡ್ ತಮ್ಮ ಕಾರು ತಂದರು. ಅವರಿಗೆ ಹೆಂಡತಿಯ ಈ ಕೆಲಸ ಮೊದಲಿಂದಲೂ ಗೊತ್ತಿತ್ತು, ಮೊದಲಿಂದಲೂ ಇಷ್ಟವಿರಲಿಲ್ಲ. "ಇದು ನಮ್ಮ ದೇಶ ಅಲ್ಲ ಲೂರ್ಡ್ಸ್, ಇಲ್ಲಿ ನಾವು ಬಾಡಿಗೆಗೆ ಇರುವವರು" ಎನ್ನುತ್ತಿದ್ದರು. ಆದರೂ ಬಂದರು. ಪದ್ಮಮ್ಮನಿಗೆ ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿಕೊಂಡು ಹೊರಟು, ತಪಾಸಣೆಯಿದ್ದ ದೈಯಾದ ದಾರಿ ಬಿಟ್ಟು, ಬ್ನೇದ್ ಅಲ್ ಗಾರ್‌ನ ತಮ್ಮ ಮನೆ ಮುಟ್ಟಲು ಮೂರು ಗಂಟೆ ಬೇಕಾಯಿತು. ದಾರಿಯಲ್ಲಿ ಹುಡುಗರ ಗುಂಪೊಂದು ಕಾರಿನ ಗಾಜುಗಳಿಗೆಲ್ಲ ನೊರೆ ಸಿಂಪಡಿಸಿ ಕುಣಿಯಿತು. ಮುಂದಿನ ತಿರುವಿನಲ್ಲಿ ನಿಂತಿದ್ದ ಪೊಲೀಸನಿಗೆ ಒಳಗೇನೂ ಕಾಣಲಿಲ್ಲ, ಅವನು ನಕ್ಕು ಕೈಬೀಸಿ ಮುಂದೆ ಬಿಟ್ಟ. ಇದನ್ನು ಆಮೇಲೆ ನನಗೆ ಹೇಳಿದವರು ಕೊನ್ರಾಡ್.

ಮಾರನೇ ದಿನ ಬೆಳಗ್ಗೆಯೇ ಅವಳನ್ನು ದೈಯಾಕ್ಕೆ ಮುಟ್ಟಿಸಿದ್ದರೆ ಕಥೆ ಬೇರೆ ಆಗುತ್ತಿತ್ತು. ಆದರೆ ಪದ್ಮಮ್ಮ ಏಳಲಿಲ್ಲ. ಜ್ವರಕ್ಕೆ ಮಾತ್ರೆ ಕೊಟ್ಟು ಮಲಗಿಸಿದವಳು ಸೋಮವಾರ ಬೆಳಗ್ಗೆ ಎಬ್ಬಿಸಿದರೂ ಏಳಲಿಲ್ಲ, ಮಧ್ಯಾಹ್ನವೂ ಏಳಲಿಲ್ಲ. ಕಣ್ಣು ಬಿಡುವಳು, "ಒಂದ್ ಚೂರು ಮಲಗ್ತೀನಮ್ಮ, ಒಂದೇ ಚೂರು" ಎನ್ನುವಳು, ಮತ್ತೆ ನಿದ್ದೆಗೆ ಜಾರುವಳು. ಎಂಟು ತಿಂಗಳಿಂದ ಅವಳು ನಾಲ್ಕು ಗಂಟೆಗಿಂತ ಹೆಚ್ಚು ಮಲಗಿರಲಿಲ್ಲ. ಶ್ರೀನಗರದಲ್ಲಿ ನೂರಾರು ಸೈನಿಕರನ್ನು ನೋಡಿಕೊಂಡ ಲೂರ್ಡ್ಸ್ ಆ ನಿದ್ದೆಯನ್ನು ಮುರಿಯಲಾರದೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ಅದೇ ಸೋಮವಾರ ಸಂಜೆ ಖಲೀಲ್ ಭಾಯಿಯನ್ನು ಪೊಲೀಸರು ಕರೆದುಕೊಂಡು ಹೋದರು. ಎದುರು ಮನೆಯ ಗೇಟಿನ ಕ್ಯಾಮೆರಾದಲ್ಲಿ ಎಲ್ಲ ಇತ್ತು. ಬರಿಗಾಲಿನ ಹೆಂಗಸು ಅಂಗಡಿಯೊಳಗೆ ಹೋಗುವುದು, ಖಲೀಲ್ ಭಾಯಿ ಹೊರಗೆ ಬಂದು ರಸ್ತೆಯ ಎರಡೂ ಕಡೆ ನೋಡಿ ಶಟರ್ ಅರ್ಧ ಇಳಿಸುವುದು. ಕೊನ್ರಾಡರ ಕಾರು ಹಿಂದಿನ ಗಲ್ಲಿಗೆ ಬಂದಿದ್ದರಿಂದ ಅದು ಮಾತ್ರ ಇರಲಿಲ್ಲ.

ಮಂಗಳವಾರ ಬೆಳಗ್ಗೆ ನಾನು ಕಾರು ತೆಗೆದುಕೊಂಡು ಲೂರ್ಡ್ಸ್ ಮನೆ ಕೆಳಗೆ ಹೋಗಿ ನಿಂತೆ. ಯಾರೂ ಕರೆದಿರಲಿಲ್ಲ. ಅವರು ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ ಇಳಿದು ಬಂದರು. ನೆಂಟರ ಸಂಗತಿ ಎತ್ತಲಿಲ್ಲ.

"ಮಖ್ಫರ್‌ಗೆ ನಡೀರಿ" ಎಂದರು.

"ಸ್ಟೇಷನ್‌ಗಾ? ಏನು ಮಾಡೋಕೆ ಮೇಡಂ?"

"ಹೆಸರು ಕೊಡ್ಲಿಕ್ಕೆ."

ಸ್ಟೇಷನ್ನಿನಲ್ಲಿದ್ದವನು ಮೂವತ್ತರ ಆಸುಪಾಸಿನ ಅಧಿಕಾರಿ. ಒಳ್ಳೆಯ ಇಂಗ್ಲಿಷ್ ಮಾತಾಡುತ್ತಿದ್ದ. ನಮಗೆ ಕೂರಲು ಹೇಳಿ ಚಹಾ ತರಿಸಿದ. ಲೂರ್ಡ್ಸ್ ಕೂರಲಿಲ್ಲ. ಆ ಅಂಗಡಿಯವನದು ಏನೂ ತಪ್ಪಿಲ್ಲ, ಬಾಯಾರಿ ಬಂದವಳಿಗೆ ನೀರು ಕೊಟ್ಟ ಅಷ್ಟೆ, ಅಲ್ಲಿಂದ ಕರೆದುಕೊಂಡು ಹೋದವಳು ನಾನು, ನನ್ನ ಹೆಸರು ಬರೆದುಕೊಂಡು ಅವನನ್ನು ಬಿಡಿ ಎಂದರು.

ಅವನು ಪೆನ್ನು ಮುಟ್ಟಲಿಲ್ಲ. "ಸಿಸ್ಟರ್, ನಿಮ್ಮ ಹೆಸರು ಬರೆದರೆ ಅವನ ಹೆಸರು ಅಳಿಸಿಹೋಗುವುದಿಲ್ಲ. ಕಾಗದದಲ್ಲಿ ಇನ್ನೊಂದು ಸಾಲು ಹೆಚ್ಚಾಗುತ್ತದೆ. ಅಷ್ಟೆ."

"ಆದ್ರೂ ಬರೀರಿ."

"ನಿಮ್ಮ ಗಂಡ ಇದ್ದಾರಾ ಇಲ್ಲಿ? ಅವರ ಹೆಸರೂ ಬರೆಯಬೇಕಾಗುತ್ತದೆ. ಈ ಕಾರು ಓಡಿಸಿಕೊಂಡು ಬಂದವರದೂ." ಅವನು ನನ್ನ ಕಡೆ ನೋಡಿದ. ನಾನು ಕಾರಿನ ಕೀ ಜೇಬಿಗಿಳಿಸಿದೆ.

ಅಷ್ಟರಲ್ಲಿ ಪಡಸಾಲೆಯ ಆ ತುದಿಯಿಂದ ಖಲೀಲ್ ಭಾಯಿಯನ್ನು ಕರೆತಂದರು. ನಿನ್ನೆಯದೇ ಲುಂಗಿ, ಮೇಲೊಂದು ಬನಿಯನ್ನು. ಅಧಿಕಾರಿ ಲೂರ್ಡ್ಸ್ ಕಡೆ ಬೆರಳು ಮಾಡಿ, ಈಕೆ ನಿನಗೆ ಗೊತ್ತಾ ಅಂತ ಅರಬ್ಬಿಯಲ್ಲಿ ಕೇಳಿದ.

ಖಲೀಲ್ ಭಾಯಿ ಲೂರ್ಡ್ಸ್ ಮುಖವನ್ನು ದಾರಿಯಲ್ಲಿ ಹೋಗುವವರನ್ನು ನೋಡುವಂತೆ ನೋಡಿದರು. "ಮಾ ಅರಫ್" ಎಂದರು. ಗೊತ್ತಿಲ್ಲ. ಆಮೇಲೆ ಹಿಂದಿಯಲ್ಲಿ, "ಕ್ಲಿನಿಕ್‌ ಕೀ ಸಿಸ್ಟರ್ ಹೋಗೀ ಸಾಬ್. ಸಬ್ ಕೋ ದವಾ ದೇತೀ ಹೈ" ಎಂದು, ಎಲ್ಲರಿಗೂ ಔಷಧಿ ಕೊಡುವ ಯಾವುದೋ ನರ್ಸ್ ಇರಬೇಕು ಎಂಬಂತೆ, ತಲೆ ತಗ್ಗಿಸಿದರು.

"ಖಲೀಲ್ ಭಾಯಿ!" ಎಂದರು ಲೂರ್ಡ್ಸ್. ಅವರು ತಲೆ ಎತ್ತಲಿಲ್ಲ. ಪೊಲೀಸರು ಅವರನ್ನು ಕರೆದುಕೊಂಡು ಹೋದರು.

ಅಧಿಕಾರಿ ನಮ್ಮನ್ನು ಬಾಗಿಲವರೆಗೆ ಬಿಡಲು ಬಂದ. ತಗ್ಗಿದ ದನಿಯಲ್ಲಿ, "ನನ್ನ ಶಿಫ್ಟ್ ಎರಡು ಗಂಟೆಗೆ ಮುಗಿಯುತ್ತದೆ. ನನ್ನ ನಂತರ ಬರುವವನು ಬರೆದುಕೊಳ್ಳುತ್ತಾನೆ. ಅಷ್ಟರೊಳಗೆ ದಯವಿಟ್ಟು ಮನೆಗೆ ಹೋಗಿ" ಎಂದ. ಅವನು ಒಳ್ಳೆಯವನು. ಆ ಒಳ್ಳೆಯತನದಿಂದಲೂ ನಮಗೆ ಏನೂ ಸಿಗಲಿಲ್ಲ.

ಲೂರ್ಡ್ಸ್ ಕಾರಿನಲ್ಲಿ ಕೂತು ಬಹಳ ಹೊತ್ತು ಬೆಲ್ಟ್ ಹಾಕಿಕೊಳ್ಳಲಿಲ್ಲ. "ಶರಣಾಗ್ಲಿಕ್ಕೂ ಬಿಡುದಿಲ್ಲ ಅಂದ್ರೆ ನಾನು ಎಂತ ಮಾಡ್ಬೇಕು ಶ್ಯಾಮ್?" ಎಂದು ಕೇಳಿದರು. ನಾನು ಕಾರು ಸ್ಟಾರ್ಟ್ ಮಾಡಿದೆ.

ನಾವು ಮನೆಗೆ ಬರುವಷ್ಟರಲ್ಲಿ ಪದ್ಮಮ್ಮ ಎದ್ದು, ಮುಖ ತೊಳೆದು, ಅಡಿಗೆಮನೆಯ ಪಾತ್ರೆಯನ್ನೆಲ್ಲ ಒಂದೇ ಕೈಯಲ್ಲಿ ತೊಳೆದಿಟ್ಟಿದ್ದಳು. ಲೂರ್ಡ್ಸ್ ಯಾಕೆ ಮಾಡಿದಿರಿ ಅಂತ ಬೈದರು. ಆಮೇಲೆ ಹೊರಡಿ, ದೈಯಾಕ್ಕೆ ಹೋಗೋಣ ಎಂದರು. ಪದ್ಮಮ್ಮ ನಮ್ಮಿಬ್ಬರ ಮುಖ ನೋಡಿ, "ಅಂಗ್ಡಿ ಅಣ್ಣಯ್ಯಂಗೆ ಏನಾಯ್ತಮ್ಮ?" ಎಂದಳು. ಸುಳ್ಳು ಹೇಳುವ ಅಭ್ಯಾಸ ಲೂರ್ಡ್ಸ್‌ಗೆ ಇರಲಿಲ್ಲ. ಇದ್ದದ್ದನ್ನು ಹೇಳಿದರು.

ಕಾರು ಮೂರನೇ ಸಿಗ್ನಲ್‌ಗೆ ಬಂದಾಗ ಪದ್ಮಮ್ಮ ಹಿಂದಿನಿಂದ, "ನನ್ನ ಪೋಲೀಸ್ ಟೇಸನ್ಗೆ ಬಿಡಿ" ಎಂದಳು.

ಲೂರ್ಡ್ಸ್ ಪೂರ್ತಿ ಹಿಂದಕ್ಕೆ ತಿರುಗಿದರು. "ಎಂತ ಹೇಳ್ತಾ ಇದ್ದೀರಿ?"

"ನಾನು ವಾಪಸ್ ಓಯ್ತೀನಿ ಅಂದ್ರೆ ಮನೆ ಯಜಮಾನ ಬಾಬಾ ಕೇಸು ತಗೀತಾರೆ. ಕೇಸೇ ಇಲ್ದಿದ್ರೆ ಅಣ್ಣಯ್ಯನ್ನ ಯಾಕೆ ಇಟ್ಕತಾರೆ?"

"ಇಲ್ಲ ಪದ್ಮಮ್ಮ. ಕಫೀಲ್ ನಿಮ್ಮ ಕೇಸು ತೆಗೀಬಹುದು. ಖಲೀಲ್ ಭಾಯಿದು ಸರ್ಕಾರದ ಕೇಸು. ಅದು ಅವನ ಕೈಯಲ್ಲಿಲ್ಲ. ನೀವು ಹೋದ್ರೆ ನೀವೂ ಹೋಗ್ತೀರಿ, ಅವರೂ ಬರುದಿಲ್ಲ. ಕೇಳಿ ನನ್ನ ಮಾತು."

"ಆ ಅಣ್ಣಯ್ಯ ನಂಗೆ ನೀರ್ ಕೊಟ್ಟೋನು. ಮೂಟೆ ಮೇಲೆ ತನ್ನ ಟವಲ್ಲು ಹಾಸಿ ಕೂರ್ಸಿದ್ನಮ್ಮ."

"ಪದ್ಮಮ್ಮ, ನಾನು ಮಿಲಿಟರಿಯಲ್ಲಿ ಇದ್ದವಳು. ಇದು ನನ್ನ ಆರ್ಡರ್. ನೀವು ದೈಯಾಕ್ಕೆ ಬರ್ತೀರಿ."

ಪದ್ಮಮ್ಮ ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದಳು: "ಹುಕುಂ ಮಾಡಬ್ಯಾಡಿ ತಾಯಿ. ಇಲ್ಲಿಗ್ ಬಂದಾಗಿಂದ ಎಲ್ರೂ ನಂಗೆ ಹುಕುಂ ಮಾಡೋರೇ. ಇದೊಂದು ನಾನೇ ಮಾಡ್ತೀನಿ."

ಸಿಗ್ನಲ್ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ನಾನು ಲೂರ್ಡ್ಸ್ ಮುಖ ನೋಡಿದೆ, ಎಡಕ್ಕೋ ಬಲಕ್ಕೋ ಅಂತ. ಅವರು ಕಿಟಕಿಯಾಚೆ ನೋಡುತ್ತ ಕೈಯಿಂದ ಬಲಕ್ಕೆ ಸನ್ನೆ ಮಾಡಿದರು. ಸ್ಟೇಷನ್ನಿನ ದಾರಿ.

ಮೂಲೆಯಲ್ಲಿ ಇಳಿಸಿದೆವು. ಲೂರ್ಡ್ಸ್ ತಮ್ಮ ಚಪ್ಪಲಿ ಬಿಚ್ಚಿ ಅವಳ ಕಾಲಿಗೆ ಹಾಕಿದರು. ಪದ್ಮಮ್ಮ ಪ್ಲಾಸ್ಟರಿನ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋದಳು, ತಿರುಗಿ ನೋಡಲಿಲ್ಲ. ಎದುರಿನ ಪಾರ್ಕಿಂಗಿನಲ್ಲಿ ಒಂದೂವರೆ ಗಂಟೆ ಕಾದೆವು. ಬಿಳಿ ಕಾರೊಂದು ಬಂತು. ಕಫೀಲ್ ಒಳಗೆ ಹೋಗಿ ಅವಳೊಂದಿಗೆ ಹೊರಗೆ ಬಂದ. ತಾನಾಗಿ ವಾಪಸ್ ಬಂದಿದ್ದೇನೆ ಅಂತ ಅವಳು ಹೆಬ್ಬೆಟ್ಟು ಒತ್ತಿದ್ದಳಂತೆ. ಅವಳ ಮೇಲಿನ ಕೇಸು ಅವತ್ತೇ ಖಲಾಸ್.

ಖಲೀಲ್ ಭಾಯಿಯದು ಖಲಾಸ್ ಆಗಲಿಲ್ಲ. ಮಾರ್ಚ್ ಹತ್ತೊಂಬತ್ತಕ್ಕೆ, ಉಪವಾಸದ ತಿಂಗಳು, ಒಂದು ಚೀಲದೊಂದಿಗೆ ಅವರನ್ನು ಮಂಗಳೂರಿನ ವಿಮಾನ ಹತ್ತಿಸಿದರು. ಬೆರಳಚ್ಚು ತೆಗೆದುಕೊಂಡಿದ್ದರು. ಇನ್ನು ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ಅಂಗಡಿಗೆ ಬಾಂಗ್ಲಾದೇಶದ ಒಬ್ಬ ಬಂದ. ಕೆಲಸದ ಹೆಂಗಸರು ಅವನ ಹತ್ತಿರ ಮಾತಾಡುವುದಿಲ್ಲ, ಚೀಟಿ ಕೊಟ್ಟು ಸಾಮಾನು ತೆಗೆದುಕೊಂಡು ಹೋಗುತ್ತಾರೆ.

ಲೂರ್ಡ್ಸ್ ಮುಂದಿನ ತಿಂಗಳುಗಳಲ್ಲಿ ಮಾಡದ ಪ್ರಯತ್ನವಿಲ್ಲ. ರಾಯಭಾರ ಕಚೇರಿಗೆ ಅರ್ಜಿ ಕೊಟ್ಟರು. ಅವರು ಕಫೀಲ್‌ಗೆ ಫೋನ್ ಮಾಡಿದರೆ, ಪದ್ಮಮ್ಮನೇ ಮಾತಾಡಿ, ತಾನು ಚೆನ್ನಾಗಿದ್ದೇನೆ, ದೂರಿಲ್ಲ ಎಂದಳಂತೆ. ಪಕ್ಕದಲ್ಲಿ ಯಾರಿದ್ದರೋ ದೇವರಿಗೇ ಗೊತ್ತು. ದೂರಿಲ್ಲ ಅಂದ ಮೇಲೆ ಯಾರು ಏನು ಮಾಡಿಯಾರು? ಲೂರ್ಡ್ಸ್ ಆ ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದರು. ಒಂದು ದಿನ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಕುಟುಂಬ ಬೇರೆ ಕಡೆ ಹೋಗಿತ್ತು.

ಪ್ಲಾಸ್ಟರ್ ಬಿಚ್ಚಿಸಲು ಪದ್ಮಮ್ಮನನ್ನು ನಮ್ಮಲ್ಲಿಗೆ ಯಾರೂ ಕರೆತರಲಿಲ್ಲ. ಬೇರೆ ಹೆಂಗಸರು ಬಂದರು. ಡಾಕ್ಟರು ಎಕ್ಸ್‌ರೇ ಬರೆದಾಗ ಲೂರ್ಡ್ಸ್ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಒಮ್ಮೆ ನಾನೇ ಬಾಗಿಲು ತೆರೆದು ಹಿಡಿದೆ.

"ಬನ್ನಿ ಮೇಡಂ" ಎಂದೆ. ಆ ಧೈರ್ಯ ಆಗ ಎಲ್ಲಿಂದ ಬಂತೋ.

"ಒಳಗೆ ಬಂದು ಎಂತ ಕೇಳುದು? ಹೊರಗೆ ಬರ್ಲಿಕ್ಕೆ ಮನಸ್ಸುಂಟಾ ಅಂತ ಕೇಳಿದ್ರೆ, ಉಂಟು ಅಂದ್ರೆ, ಎಲ್ಲಿಗೆ ಕರ್ಕೊಂಡು ಹೋಗುದು? ನಿಮ್ಮ ಮನೆಗಾ?" ಎಂದರು. ಬೇಕೆಂದು ಚುಚ್ಚಿದ್ದಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು. ಹೇಳಿದ ಮೇಲೆ ಅವರೇ ನನ್ನ ಭುಜ ಮುಟ್ಟಿದರು.

ಡಿಸೆಂಬರಿನಲ್ಲಿ ಮುಳಬಾಗಿಲಿನ ಒಬ್ಬ ಪರಿಚಯದವರ ಮೂಲಕ ನಾನು ಪದ್ಮಮ್ಮನ ಮಗಳ ನಂಬರು ಹುಡುಕಿದೆ. ಕ್ಲಿನಿಕ್ಕಿನ ಊಟದ ಕೋಣೆಯಲ್ಲಿ ಸ್ಪೀಕರ್ ಹಾಕಿ ಮಾತಾಡಿದೆವು. ಅಮ್ಮ ಬಂದು ಒಂದೂವರೆ ತಿಂಗಳಾಯಿತು ಎಂದಳು ಹುಡುಗಿ. ಅವಧಿ ಮುಗಿಯುವ ಮೊದಲೇ ಕಳಿಸಿಬಿಟ್ಟರಂತೆ, ಕೈಯಲ್ಲಿ ಕೆಲಸ ಆಗುವುದಿಲ್ಲ ಅಂತ. ವಫ್ರಾಕ್ಕೆ ಕಳಿಸಿದ್ದರಾ ಅಂತ ಲೂರ್ಡ್ಸ್ ಕೇಳಿದರು. ಹುಡುಗಿಗೆ ಗೊತ್ತಿರಲಿಲ್ಲ. ಅಮ್ಮ ಯಾರ ಹತ್ತಿರವೂ ಏನೂ ಹೇಳುವುದಿಲ್ಲ ಎಂದಳು.

"ಒಂದು ನಿಮಿಷ ಅವರಿಗೆ ಫೋನ್ ಕೊಡ್ತೀಯಾ ಮಗಾ? ಲೂರ್ಡ್ಸ್ ಅಂತ ಹೇಳು."

ಹುಡುಗಿ ಹೋಗಿ ಬಂದಳು. ದೂರದಲ್ಲಿ ಟಿವಿ ಓಡುತ್ತಿರುವುದು ಕೇಳಿಸುತ್ತಿತ್ತು. "ಅಮ್ಮ ಬೇಡ ಅಂತಾರೆ ಆಂಟಿ. ಕುವೈತಿನೋರ್ ಯಾರ್ ಜೊತೇನೂ ಮಾತಾಡಲ್ವಂತೆ. ಅಂಗಡಿ ಅಣ್ಣಯ್ಯ ಚೆನ್ನಾಗಿದ್ದಾರಾ ಅಂತ ಮಾತ್ರ ಕೇಳು ಅಂದ್ರು."

ಖಲೀಲ್ ಭಾಯಿ ಆಗ ಉಳ್ಳಾಲದಲ್ಲಿ ಭಾವಮೈದುನನ ಮೀನಿನ ಲಾರಿಯ ಲೆಕ್ಕ ಬರೆದುಕೊಂಡಿದ್ದರು, ಕಾಲು ಊದಿಕೊಂಡು ಓಡಾಡಲಾಗುತ್ತಿರಲಿಲ್ಲ. ಲೂರ್ಡ್ಸ್ ನನ್ನ ಮುಖ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಹೆಂಗಸು, "ಚೆನ್ನಾಗಿದ್ದಾರೆ ಅಂತ ಹೇಳು ಮಗಾ. ಅವತ್ತೇ ಬಿಟ್ರು ಅಂತ ಹೇಳು" ಎಂದರು.

ಇಪ್ಪತ್ತೈದರ ಜೂನ್‌ನಲ್ಲಿ ಕೊನ್ರಾಡ್ ನಿವೃತ್ತಿ ತೆಗೆದುಕೊಂಡರು. ಇಬ್ಬರೂ ಶಿರ್ವಕ್ಕೆ ಹೋದರು. ಕ್ಲಿನಿಕ್ಕಿನಲ್ಲಿ ಕೇಕ್ ಕತ್ತರಿಸಿದೆವು. ಯಾರೋ ಮಾತಾಡಿ ಎಂದಾಗ ಲೂರ್ಡ್ಸ್, "ಎಲ್ಲರೂ ಚೆನ್ನಾಗಿ ಕೆಲಸ ಮಾಡಿ" ಎಂದು ಕೂತುಬಿಟ್ಟರು.

ಕಳೆದ ತಿಂಗಳು ನಾನು ಫೋನ್ ಮಾಡಿದ್ದೆ. ಆ ಭಾನುವಾರದ ನೆಂಟರ ಮಾತು ಹೇಳಿ ಕ್ಷಮೆ ಕೇಳಬೇಕು ಅಂತ ಎಷ್ಟೋ ದಿನದಿಂದ ಇತ್ತು. ಹತ್ತು ನಿಮಿಷ ಮಾತಾಡಿದೆವು. ಪಾವನಾ ಹೇಗಿದ್ದಾಳೆ, ನಿಧಿ ಯಾವ ಕ್ಲಾಸು ಅಂತ ಕೇಳಿದರು. ಚರ್ಚಿನವರು ನಡೆಸುವ ಮುದುಕರ ಆಶ್ರಮದಲ್ಲಿ ವಾರಕ್ಕೆ ಮೂರು ದಿನ ಹೋಗುತ್ತಾರಂತೆ. ಅಲ್ಲಿ ಡ್ಯೂಟಿ ಹಂಚುವುದಿಲ್ಲವಂತೆ, ಹೇಳಿದಷ್ಟು ಮಾಡಿ ಬರುತ್ತಾರಂತೆ.

"ಮೇಡಂ, ಅವತ್ತು ನಾನು..." ಎಂದು ಶುರು ಮಾಡಿದೆ.

"ಶ್ಯಾಮ್, ಬಾವಿಯ ಮೋಟಾರು ಸುಟ್ಟುಹೋಗಿ ಎರಡು ದಿನ ಆಯ್ತು, ಕರೆಂಟಿನವನು ಈಗ ಬಂದ. ಬಿಟ್ರೆ ಮತ್ತೆ ಸಿಕ್ಕುದಿಲ್ಲ ಇವನು. ಇಡ್ಲಾ?" ಎಂದರು.

ಇಡಿ ಮೇಡಂ ಎಂದೆ.